ಎಳೆದರೆ ಬರಬೇಕಾದ ಜಡೆ

ಜಡೆ ಹಾಕುವ ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲು ಬೆರಳಿನ ಬಗ್ಗೆ ಕೇಳುತ್ತಾರೆ. ಬೆರಳು ಉದ್ದ ಇರಬೇಕೇ, ಚುರುಕಾಗಿರಬೇಕೇ ಎಂದು. ನಾನು ಸೊಂಟದ ಬಗ್ಗೆ ಹೇಳುತ್ತೇನೆ. ಮೂರೆಳೆ ಹೆಣೆಯುವುದು ಯಾರಿಗಾದರೂ ಬರುತ್ತದೆ. ಗಿರಾಕಿಯ ತಲೆ ಯಾವ ಎತ್ತರದಲ್ಲಿದೆಯೋ ಆ ಎತ್ತರಕ್ಕೆ ಬಗ್ಗಿ ಇಡೀ ಬೆಳಗ್ಗೆ ನಿಲ್ಲುವುದಿದೆಯಲ್ಲ, ಅದಕ್ಕೆ ಅಭ್ಯಾಸ ಬೇಕು. ನಾನು ಕೆಲಸ ಬಿಟ್ಟದ್ದು ಸೊಂಟನೋವಿಗೆ ಎಂದು ಬೀದಿಯವರೆಲ್ಲ ತಿಳಿದಿದ್ದಾರೆ. ಸೊಂಟನೋವು ಇದ್ದದ್ದು ಹೌದು. ಆದರೆ ಆ ನೋವಿಟ್ಟುಕೊಂಡೇ ನಾನು ಬಹಳ ವರ್ಷ ಕೆಲಸ ಮಾಡಿದ್ದೆ. ಬಿಟ್ಟದ್ದು ಬೇರೆ ಕಾರಣಕ್ಕೆ. ಅದನ್ನೂ ಬರೆಯಬೇಕೆಂದೇ ಕೂತಿದ್ದೇನೆ, ಆದರೆ ಮೊದಲಿನಿಂದ ಬರದೆ ಅಲ್ಲಿಗೆ ತಲುಪುವುದು ನನ್ನಿಂದ ಆಗದು.

ನಮ್ಮ ಪಾರ್ಲರ್ ಬನಶಂಕರಿಯ ಒಂದು ಅಡ್ಡರಸ್ತೆಯಲ್ಲಿತ್ತು. ಒಡತಿ ಪ್ರಮೀಳಾ ಮೇಡಂ, ತ್ಯಾಗರಾಜನಗರದವರು. ನಾನು ಬಿ.ಎ. ಮುಗಿಸಿ ಹನುಮಂತನಗರದ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ, ಮದುವೆ ಸೀಸನ್ನಿಗೆ ಹೂ ಪೋಣಿಸಲು ಜನ ಬೇಕೆಂದು ಕರೆಸಿದ್ದರು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಿಸ್ಟರಿ ಓದಿದೀಯಂತೆ. ಸಿಕ್ಕು ಬಿಡಿಸೋಕೆ ಬರುತ್ತಾ?" ಎಂದರು. ಬರುತ್ತದೆ ಎಂದೆ. "ಹಾಗಾದ್ರೆ ಯಾವ ರಾಜನ್ನೂ ನಾನು ಕೇಳಲ್ಲ ಬಿಡು" ಎಂದು ಬಾಚಣಿಗೆ ಕೊಟ್ಟರು. ಒಂದು ಸೀಸನ್ನಿಗೆ ಎಂದು ಹೋದವಳು ನನ್ನ ತಲೆಯೇ ನರೆಯುವವರೆಗೆ ಅಲ್ಲಿದ್ದೆ. ಗಿರಾಕಿಗಳಿಗೆ ನನ್ನನ್ನು ಅವರು ಕೊನೆಯವರೆಗೂ "ನಮ್ಮ ವಸಂತ, ಬಿ.ಎ." ಎಂದೇ ಪರಿಚಯಿಸುತ್ತಿದ್ದರು. ಹೆಮ್ಮೆಯೋ ಕೀಟಲೆಯೋ ನನಗೆ ತಿಳಿಯಲಿಲ್ಲ.

ಆಗೆಲ್ಲ ನಮ್ಮ ಹೆಸರಿದ್ದದ್ದು ಮೊಗ್ಗಿನ ಜಡೆಗೆ. ಮದುಮಗಳ ಕೂದಲು ಎಷ್ಟೇ ಇರಲಿ, ಅದಕ್ಕೆ ಚೌರಿ ಸೇರಿಸಿ ಸೊಂಟದ ಕೆಳಗೆ ಇಳಿಸಿ, ಬುಡದಿಂದ ತುದಿಗೆ ಮಲ್ಲಿಗೆ ಮೊಗ್ಗು ಹೊಲಿದು, ಬಿಲ್ಲೆ ಸಿಕ್ಕಿಸಿ, ಕೊನೆಗೆ ಕುಚ್ಚು ಕಟ್ಟುವುದು. ಮೇಡಂ ಕೈಯ ಜಡೆಗೆಂದು ಜಯನಗರ, ಜೆ.ಪಿ. ನಗರದವರು ಮುಹೂರ್ತ ಗೊತ್ತಾದ ದಿನವೇ ಬಂದು ಹೇಳಿ ಹೋಗುತ್ತಿದ್ದರು.

ನನ್ನ ಮೊದಲ ದೊಡ್ಡ ಎಡವಟ್ಟು ಆ ಕಾಲದ್ದು. ಸಂಜೆಯ ಆರತಕ್ಷತೆಗೆಂದು ಬೆಳಗ್ಗೆಯೇ ಹೊಲಿದಿಟ್ಟ ಮೊಗ್ಗಿನ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಜಾಗ ಇಲ್ಲವೆಂದು ಫ್ರಿಜ್ಜಿನ ತಲೆಯ ಮೇಲೆ ಇಟ್ಟೆ. ಅಲ್ಲಿ ಬಿಸಿ ಇರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಬಿಚ್ಚಿ ನೋಡಿದಾಗ ಮೊಗ್ಗೆಲ್ಲ ಅರಳಿ ನಗುತ್ತಿದ್ದವು. ಮದುಮಗಳ ತಾಯಿ, "ನಾವು ಕೇಳಿದ್ದು ಮೊಗ್ಗಿನ ಜಡೆ, ಹೂವಿನ ಅಂಗಡಿ ಅಲ್ಲ" ಎಂದರು. ಮೇಡಂ ಮುಖ ಒಂದಿಷ್ಟೂ ಬಾಡಲಿಲ್ಲ. "ನಿಮ್ಮ ಮಗಳನ್ನ ನೋಡಿ ತಡಿಯೋಕಾಗ್ದೆ ಅರಳಿಬಿಟ್ಟಿದೆ ಅಮ್ಮ" ಎಂದು ಹೇಳಿ, ಒಂದೊಂದೇ ಹೂವನ್ನು ಕಿತ್ತು, ಮಾರುಕಟ್ಟೆಯಿಂದ ತರಿಸಿದ ಕನಕಾಂಬರದಲ್ಲಿ ಆ ಜಾಗ ತುಂಬಿದರು. ಫೋಟೋದಲ್ಲಿ ಆ ಜಡೆ ಬಹಳ ಚೆನ್ನಾಗಿ ಬಂತು. ಆಮೇಲೆ ನನ್ನನ್ನು ಒಳಗೆ ಕರೆದು ಬೈದದ್ದನ್ನು ಇಲ್ಲಿ ಬರೆಯಲಾರೆ.

ಇನ್ನೊಂದು ಸಂಗತಿ ಮೇಡಂ ಅವರದೇ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಬ್ಬ ನೃತ್ಯದ ಹುಡುಗಿಯ ರಂಗಪ್ರವೇಶಕ್ಕೆ ಮೇಡಂ ತಾವೇ ಹೋಗಿ ಜಡೆ ಹಾಕಿದ್ದರು. ಜೊತೆಗೆ ನಾನೂ ಇದ್ದೆ. ಹುಡುಗಿ ತಲೆ ನೋಯುತ್ತದೆ ಎಂದು ಅತ್ತಳು, ಅದಕ್ಕೆ ಮೇಡಂ ಚೌರಿಯ ಕಟ್ಟನ್ನು ಸ್ವಲ್ಪ ಸಡಿಲಿಸಿದರು. ಕಾರ್ಯಕ್ರಮದ ನಡುವೆ ಹುಡುಗಿ ಗಿರ್ರನೆ ತಿರುಗಿದಾಗ ಜಡೆ ಪೂರ್ತಿಯಾಗಿ ಕಳಚಿ, ಬಿಲ್ಲೆ ಕುಚ್ಚಿನ ಸಮೇತ ಮೃದಂಗದವರ ತೊಡೆಯ ಮೇಲೆ ಹೋಗಿ ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಹುಡುಗಿ ಗಿಡ್ಡ ಕೂದಲಿನಲ್ಲೇ ನೃತ್ಯ ಮುಗಿಸಿದಳು, ಆದರೆ ಮೇಡಂ ತೆರೆಯ ಹಿಂದೆ ಗೋಡೆ ಹಿಡಿದು ನಿಂತಿದ್ದರು. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು ಬಂತು. ಗಿರಾಕಿ ಅಳಲಿ, ಬೈಯಲಿ, ಕೂದಲ ಬುಡಕ್ಕೆ ಕಪ್ಪು ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದೇ ತೀರಬೇಕು. ಕಟ್ಟಿದ ಮೇಲೆ ಮೇಡಂ ಬಂದು ಜಡೆ ಹಿಡಿದು ಜಗ್ಗಿ ನೋಡುತ್ತಿದ್ದರು. ತಲೆ ಹಿಂದಕ್ಕೆ ಬಂದರೆ ಸರಿ. ಜಡೆ ಒಂದೆಳೆ ಜಾರಿದರೂ ಬಿಚ್ಚಿ ಮತ್ತೆ ಕಟ್ಟಬೇಕು. ಅವರ ಕೈಯ ಜಡೆ ಅದರ ನಂತರ ಯಾವ ಮಂಟಪದಲ್ಲೂ, ಯಾವ ವೇದಿಕೆಯಲ್ಲೂ ಕಳಚಲಿಲ್ಲ.

ಕಾಲ ಬದಲಾಗುವುದು ನಮ್ಮ ಕೆಲಸದಲ್ಲಿ ಬೇಗ ಗೊತ್ತಾಗುತ್ತದೆ. ಮದುಮಕ್ಕಳು ಮೊಗ್ಗಿನ ಜಡೆ ಭಾರ ಎನ್ನತೊಡಗಿದರು. ಕೂದಲು ಸುರುಳಿ ಮಾಡಿ ಹರಡಿ ಬಿಡಿ ಎಂದರು. ಬೇಕೆಂದೇ ಕೆದರಿದಂತೆ ಕಾಣುವ ತುರುಬು ಬಂತು. ಮೇಡಂ ಅದನ್ನು ನೋಡಿ, "ಇದನ್ನ ನಾವು ಬೆಳಗ್ಗೆ ಎದ್ದ ಕೂಡಲೇ ಪುಕ್ಕಟೆ ಮಾಡ್ಕೋತಿದ್ವಲ್ಲೇ" ಎಂದರು. ಕೆಲಸ ಕಡಿಮೆಯಾಯಿತು. ಆಗಲೇ ಬಂದವಳು ಶೈಲಾ.

ಶೈಲಾ ಗದಗಿನ ಕಡೆಯವಳು. ಬಿ.ಟಿ.ಎಂ. ಲೇಔಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಕೋಣೆಯಲ್ಲಿದ್ದಳು. ಅಲ್ಲಿನ ಒಂದು ಸಲೂನಿನಲ್ಲಿ ಎಕ್ಸ್‌ಟೆನ್ಷನ್ ಜಡೆ ಕಲಿತಿದ್ದಳು. ತಲೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಬೈತಲೆ ತೆಗೆದು, ಒಂದೊಂದು ಚೌಕದಿಂದಲೂ ಪೆನ್ಸಿಲಿನಷ್ಟು ಸಪೂರದ ಜಡೆ ಹೆಣೆಯುವುದು. ಸ್ವಂತ ಕೂದಲಿನಲ್ಲಿ ಶುರುಮಾಡಿ, ಹೋಗುತ್ತ ಹೋಗುತ್ತ ಪ್ಲಾಸ್ಟಿಕ್ ನಾರಿನ ಕೂದಲನ್ನು ಚೂರು ಚೂರೇ ಸೇರಿಸುವುದು. ಬುಡದಲ್ಲಿ ಗಂಟಿಲ್ಲ, ದಾರವಿಲ್ಲ. ಕೊನೆಗೆ ತುದಿಗಳನ್ನು ಬಿಸಿನೀರಿನಲ್ಲಿ ಅದ್ದಿದರೆ ನಾರು ಮೆತ್ತಗಾಗಿ ಬಿಚ್ಚದಂತೆ ಕೂರುತ್ತದೆ. ತಲೆ ತುಂಬ ಜಡೆ, ಬೇಕಾದಷ್ಟು ಉದ್ದ, ಮೊಗ್ಗಿನ ಜಡೆಯ ಕಾಲು ಭಾಗವೂ ತೂಕವಿಲ್ಲ.

ಮೊದಲು ಅವಳು ಕಲಿಸಿದ್ದು ನನ್ನ ತಲೆಯ ಮೇಲೆಯೇ. ಗಿರಾಕಿ ಇಲ್ಲದ ಒಂದು ಮಂಗಳವಾರ ನನ್ನನ್ನು ಕೂರಿಸಿದಳು.

"ಅಕ್ಕಾರ, ಅಳ್ಳಾಡಬ್ಯಾಡ್ರಿ. ಬೈತಲಿ ಸೊಟ್ಟ ಆಗ್ತೈತಿ."

"ಎಷ್ಟು ಹೊತ್ತೇ?"

"ಊಟ ಆಗೇತಲ್ರಿ? ಹಂಗಾದ್ರ ಸುಮ್ನ ಕುಂದರ್ರಿ."

ಸಂಜೆ ನಾನು ಎದ್ದಾಗ ಹೆಗಲ ಮೇಲೆಲ್ಲ ಕಪ್ಪು ಹಗ್ಗಗಳು. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಬಸ್‌ ಸ್ಟಾಪಿನ ಪಕ್ಕದ ಸೊಪ್ಪಿನವನು, "ಏನಕ್ಕ, ಫಾರಿನ್ ಟೂರಾ?" ಎಂದ. ಮನೆಯಲ್ಲಿ ಬಾಗಿಲು ತೆಗೆದ ನನ್ನ ಗಂಡ, "ಯಾರು ಬೇಕಾಗಿತ್ತು?" ಎಂದು ಕೇಳಿದರು. ಆದರೆ ತಲೆ ಹಗುರಾಗಿತ್ತು. ರಾತ್ರಿ ದಿಂಬಿಗೆ ಒರಗಿದರೆ ಎಲ್ಲೂ ಎಳೆಯಲಿಲ್ಲ. ಬೇರೆಯವರ ತಲೆಗಳನ್ನು ಅಷ್ಟು ವರ್ಷ ಬಿಗಿದಿದ್ದ ನನಗೆ, ನೋಯದ ಜಡೆಯೂ ಇರಬಹುದು ಎಂದು ಆವತ್ತೇ ಗೊತ್ತಾದದ್ದು.

ಮೇಡಂಗೆ ಹಿಡಿಸದ್ದು ಅದೇ. ಮರುದಿನ ನನ್ನ ಹಿಂದೆ ಬಂದು ಹಳೆಯ ಅಭ್ಯಾಸದಂತೆ ಒಂದು ಜಡೆ ಹಿಡಿದು ಜಗ್ಗಿದರು. ನಾರು ಸರ್ರನೆ ಜಾರಿ ಅವರ ಕೈಗೆ ಬಂತು. ನನ್ನ ಕೂದಲು ನನ್ನ ತಲೆಯಲ್ಲೇ ಉಳಿಯಿತು.

"ಇದೇನೇ ಶೈಲಾ, ಕೈಗೇ ಬಂತಲ್ಲ."

"ಜೋರಾಗಿ ಎಳದ್ರ ಬರಬೇಕ್ರಿ ಮೇಡಂ. ಇಲ್ಲಾಂದ್ರ ಬುಡದ ಕೂದ್ಲಾ ಕಿತ್ಕೊಂಡು ಬರ್ತೈತಿ. ಸಲೂನ್ಯಾಗ ಹಂಗ ಹೇಳ್ಕೊಟ್ಟಾರ."

"ಎಳೆದ್ರೆ ಬರೋದು ಮೂಲಂಗಿ ಕಣೇ. ಜಡೆ ಅಲ್ಲ."

ನಾವು ಮೂವರೂ ನಕ್ಕೆವು. ಆ ನಗು ಈಗ ನೆನಪಾದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ಮೇಡಂ ಹೊಸದನ್ನು ಬೇಡವೆಂದವರಲ್ಲ. ಬಾಗಿಲಲ್ಲಿ ಬೋರ್ಡು ಹಾಕಿಸಿದರು. ಮೊದಮೊದಲು ಬಂದವರು ಕಾಲೇಜು ಹುಡುಗಿಯರು, ಜಿಮ್ಮಿನಲ್ಲಿ ಹೇಳಿಕೊಡುವ ಒಬ್ಬಾಕೆ, ಪ್ರವಾಸ ಹೊರಟವರು. ಶೈಲಾ ಒಂದು ಬದಿಯಿಂದ, ನಾನು ಇನ್ನೊಂದು ಬದಿಯಿಂದ ಹೆಣೆಯುತ್ತ ನಡುವೆ ಸೇರುತ್ತಿದ್ದೆವು. ಹರಟೆ ಹೊಡೆಯುತ್ತಿದ್ದೆವು. ನನ್ನ ವೃತ್ತಿಯಲ್ಲಿ ನಾನು ಅತ್ಯಂತ ಖುಷಿಯಾಗಿದ್ದ ಕಾಲ ಅದು ಎಂದು ಹೇಳಿದರೆ ತಪ್ಪಾಗಲಾರದು. ಮೇಡಂ ಮಾತ್ರ ದೂರದಲ್ಲಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಗಿರಾಕಿ ಎದ್ದು ಹೋಗುವಾಗ ಜಗ್ಗಿ ನೋಡಲು ಅವರ ಕೈ ಮುಂದೆ ಬಂದು, ಹಾಗೇ ಹಿಂದೆ ಹೋಗುತ್ತಿತ್ತು.

ಚೈತ್ರ ಬಂದದ್ದು ಆಗ. ಹೊಸಕೆರೆಹಳ್ಳಿಯ ಹಳೇ ಮನೆತನದ ಹುಡುಗಿ. ಅವರ ಹೊಲವೆಲ್ಲ ಸೈಟುಗಳಾಗಿ, ಈಗ ಅವಳ ತಂದೆಗೆ ಬಾಡಿಗೆ ಮನೆಗಳು, ಒಂದು ಹಾರ್ಡ್‌ವೇರ್ ಅಂಗಡಿ. ಅವಳ ಸೋದರತ್ತೆ ಗೀತಾ ಮದುವೆಯಾದಾಗ ಮೊಗ್ಗಿನ ಜಡೆ ಹಾಕಿದ್ದು ಮೇಡಂ. ಆ ನಂಬಿಕೆಯಿಂದ ನಿಶ್ಚಿತಾರ್ಥಕ್ಕೆ ನಮ್ಮಲ್ಲಿಗೇ ಬಂದಿದ್ದಳು. ದೊಡ್ಡ ಜ್ವರವೊಂದು ಬಂದು ಹೋಗಿ ಅವಳ ಕೂದಲೆಲ್ಲ ಉದುರಿತ್ತು. ಮತ್ತೆ ಬರುತ್ತಿತ್ತು, ಆದರೆ ತೆಳ್ಳಗೆ. ಮಾತಾಡುವಾಗಲೆಲ್ಲ ಅವಳ ಕೈ ನೆತ್ತಿಯ ಕಡೆಗೇ ಹೋಗುತ್ತಿತ್ತು.

"ಆಂಟಿ, ಕೂತ್ರೆ ಜಡೆ ಮೇಲೇ ಕೂರೋ ಹಂಗಿರ್ಬೇಕು. ನಮ್ಮಜ್ಜಿಗೆ ಹಂಗೇ ಇತ್ತಂತೆ" ಎಂದಳು.

ಶೈಲಾ ಸೊಂಟದವರೆಗೆ ಸಾಕು ಎಂದಳು. ಅದಕ್ಕಿಂತ ಉದ್ದವಾದರೆ ತೂಕಕ್ಕೆ ಬುಡ ಸೋಲುತ್ತದೆ ಎಂಬುದು ಅವಳ ಲೆಕ್ಕ. ಚೈತ್ರ ಮುಖ ಸಣ್ಣದು ಮಾಡಿದಳು. ಮೇಡಂ, "ನಿಶ್ಚಿತಾರ್ಥ ಒಂದೇ ಸಲ ಕಣೇ. ಮೊಣಕಾಲಿಗೆ ಬರಲಿ ಬಿಡು" ಎಂದರು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮೊಗ್ಗಿನ ಜಡೆಯಲ್ಲಿ ನಾವು ಎಷ್ಟೋ ಸಲ ಅಷ್ಟು ಉದ್ದ ಇಳಿಸಿದ್ದೆವು. ಒಂದು ವ್ಯತ್ಯಾಸ ನಮ್ಮ ಯಾರ ತಲೆಗೂ ಬರಲಿಲ್ಲ. ಮೊಗ್ಗಿನ ಜಡೆ ಹಾಕಿಕೊಂಡವಳು ಮಂಟಪ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಜಡೆ ಹಾಕಿಸಿಕೊಂಡು ಬೀದಿಗೆ ಇಳಿಯುವುದು ಹೊಸ ಕಾಲದ್ದು.

ನಿಶ್ಚಿತಾರ್ಥ ಸಂಜೆಗೆ. ಬೆಳಗ್ಗೆಯಿಂದ ಹೆಣೆದೆವು. ಊಟದ ಹೊತ್ತು ಕಳೆದ ಮೇಲೆ ಮುಗಿಯಿತು. ಕನ್ನಡಿಯಲ್ಲಿ ನೋಡಿಕೊಂಡ ಚೈತ್ರಳಿಗೆ ಕಣ್ಣು ತುಂಬಿತು. ರೇಷ್ಮೆ ಸೀರೆ ಉಟ್ಟು ಬಂದು ಇನ್ನೊಮ್ಮೆ ನೋಡಿಕೊಂಡಳು. ಆಮೇಲೆ ಒಂದು ಮಾತು ಕೇಳಿದಳು.

"ಮೇಡಂ, ಅವ್ರ ಮನೆಯೋರೆಲ್ಲ ನನ್ನ ನೋಡೋದು ಇವತ್ತೇ. ಎಲ್ಲರ ಮುಂದೆ ಇದು ಕೈಗೆ ಬಂದ್ಬಿಟ್ರೆ?"

ಬೇರೆ ಏನು ಕೇಳಿದ್ದರೂ ಮೇಡಂ ಕುರ್ಚಿಯಿಂದ ಏಳುತ್ತಿರಲಿಲ್ಲ. ಡ್ರಾಯರಿನಿಂದ ಕಪ್ಪು ದಾರದ ಉಂಡೆ ತೆಗೆದರು.

"ದಾರ ಬ್ಯಾಡ್ರಿ ಮೇಡಂ" ಎಂದಳು ಶೈಲಾ.

"ನಿನ್ನ ಕೆಲಸ ಬಿಚ್ಚಲ್ಲ ಕಣೇ. ಮೇಲೊಂದು ಸುತ್ತು ಅಷ್ಟೇ. ಹುಡುಗಿ ಧೈರ್ಯವಾಗಿ ಕೂತ್ಕೋಬೇಕಲ್ಲ."

ಬಲಗಡೆಯ ಜಡೆಗಳನ್ನು ಕಿವಿಯ ಮೇಲೆ ಒಟ್ಟು ಮಾಡಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ, ಬುಡಕ್ಕೆ ಸುತ್ತಿ ಸುತ್ತಿ ಬಿಗಿದರು. ಆ ವಯಸ್ಸಿನಲ್ಲೂ ಅವರ ಕೈ ಎಷ್ಟು ಚೆಂದ ಓಡುತ್ತಿತ್ತೆಂದರೆ ನಾನು ನೋಡುತ್ತ ನಿಂತೆ. ಬಿಗಿದು, ಜಗ್ಗಿ ನೋಡಿದರು. ಚೈತ್ರಳ ತಲೆ ಹಿಂದಕ್ಕೆ ಬಂತು. "ಈಗ ಯಾರು ಎಳೆದ್ರೂ ಬರಲ್ಲ" ಎಂದರು. ಚೈತ್ರ ನಕ್ಕಳು.

ಎಡಗಡೆಗೆ ಕೈ ಹಾಕುವಷ್ಟರಲ್ಲಿ ಗೀತಾ ಸ್ಕೂಟರಿನಲ್ಲಿ ಬಂದಳು. ಕಾರು ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದೆ, ಗಂಡಿನ ಕಡೆಯವರು ಆಗಲೇ ಹೊರಟಿದ್ದಾರೆ, ಬೇಗ ಹತ್ತು ಎಂದಳು. ಹೀಗಾಗಿ ಎಡಗಡೆ ಶೈಲಾ ಹಾಕಿದ ಹಾಗೆಯೇ ಉಳಿಯಿತು.

ನಾವು ಮೂವರೂ ಬಾಗಿಲಿಗೆ ಬಂದು ನಿಂತೆವು. ಚೈತ್ರ ಸೀರೆಯೆಂದು ಒಂದೇ ಕಡೆ ಕಾಲು ಇಳಿಬಿಟ್ಟು ಕೂತಳು. ಅಲಂಕಾರ ಕೆಡುತ್ತದೆಂದು ಹೆಲ್ಮೆಟ್ ಹಾಕಲಿಲ್ಲ. ಜಡೆಗಳನ್ನೆಲ್ಲ ಒಟ್ಟು ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಅದು ನನಗೆ ಚೆನ್ನಾಗಿ ನೆನಪಿದೆ. ಸ್ಕೂಟರ್ ಹೊರಟಾಗ ಎದುರಿನ ಎಳನೀರಿನವನು ಕೂಗಿದ. "ಅಕ್ಕ, ಸೆರಗು. ಸೆರಗು ಒಳಗಾಕ್ಕೊಳ್ಳಿ."

ನಮ್ಮ ಊರಿನಲ್ಲಿ ಯಾರೂ ಸುಮ್ಮನೆ ನೋಡಿಕೊಂಡು ಇರುವುದಿಲ್ಲ. ಸೈಡ್ ಸ್ಟ್ಯಾಂಡ್ ತೆಗೆದಿಲ್ಲವೆಂದರೆ, ಸೆರಗು ಇಳಿದಿದೆಯೆಂದರೆ, ಹೆಸರು ಗೊತ್ತಿಲ್ಲದವರೂ ಕೂಗಿ ಹೇಳುತ್ತಾರೆ. ಚೈತ್ರ ಥಟ್ಟನೆ ಎಚ್ಚೆತ್ತು, ಸೆರಗು ಹಿಡಿದುಕೊಳ್ಳಲು ಕೈ ಬೇಕಾಗಿ, ಮಡಿಲಲ್ಲಿದ್ದ ಜಡೆಗಳನ್ನು ಬೆನ್ನ ಹಿಂದಕ್ಕೆ ಎಸೆದಳು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಳನೀರಿನವನು ಸರಿ ಎಂಬಂತೆ ಕೈ ಎತ್ತಿದ. ಜಡೆ ಎಂದು ಯಾರೂ ಕೂಗಲಿಲ್ಲ. ಚಕ್ರಕ್ಕೆ ಎಟಕುವಷ್ಟು ಜಡೆಯನ್ನು ಆ ರಸ್ತೆ ಅದಕ್ಕೆ ಮುಂಚೆ ನೋಡಿರಲಿಲ್ಲ.

ಸ್ಕೂಟರ್ ಇನ್ನೂ ನಮ್ಮ ಕಣ್ಣಳತೆಯಲ್ಲೇ ಇತ್ತು. ಮುಂದೆ ಹಂಪ್ ಇದ್ದುದರಿಂದ ಗೀತಾ ನಿಧಾನ ಮಾಡಿದ್ದಳು. ಇಲ್ಲದಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸುವುದಿಲ್ಲ ಎಂದು ಎಷ್ಟೋ ಸಲ ನಿರ್ಧರಿಸಿದ್ದೇನೆ. ಮೊದಲು ಕಂಡದ್ದು ಚೈತ್ರಳ ಗದ್ದ ಮೇಲೇರಿದ್ದು. ಆಕಾಶ ನೋಡುತ್ತಿದ್ದಾಳೆ ಎಂದುಕೊಂಡೆ. ಮರುಕ್ಷಣ ಅವಳು ಹಿಂದಕ್ಕೆ ಬಾಗಿ ಬಿದ್ದಳು. ಎಡಗಡೆಯ ಜಡೆಗಳು ಒಂದೊಂದಾಗಿ ಜಾರಿ, ಕಪ್ಪು ಹುರಿಗಳಂತೆ ಚಕ್ರಕ್ಕೆ ಸುತ್ತಿಕೊಂಡವು. ಬಲಗಡೆಯವು ಜಾರಲಿಲ್ಲ. ಅವು ಅವಳನ್ನೇ ಎಳೆದುಕೊಂಡವು. ಅವಳ ತಲೆ ಚಕ್ರದ ಪಕ್ಕ, ರಸ್ತೆಯ ಮೇಲೆ. ಗೀತಾ ಬ್ರೇಕ್ ಒತ್ತಿ ನಿಂತಳು, ಆದರೆ ಗಾಬರಿಯಲ್ಲಿ ಕೈ ಇನ್ನೊಮ್ಮೆ ಆಕ್ಸಿಲರೇಟರ್ ತಿರುವಿತು. ಚಕ್ರ ಇನ್ನೊಂದು ಸುತ್ತು ಸುತ್ತಿತು.

ನಾನು ಓಡಿದೆನೋ ಇಲ್ಲವೋ ತಿಳಿಯದು. ಎಳನೀರಿನವನು ಮಚ್ಚು ಹಿಡಿದು ಓಡಿದ್ದು ಮಾತ್ರ ಕಂಡಿತು. ಅವನು ಮಂಡಿಯೂರಿ ಮಚ್ಚು ಎತ್ತಿದಾಗ, ಅವಳ ತಲೆಗೂ ಚಕ್ರಕ್ಕೂ ನಡುವೆ ಇದ್ದದ್ದು ಗೇಣು ಜಾಗ. ಒಂದು ಏಟಿಗೆ ತುಂಡಾಗಲಿಲ್ಲ. ನಾರು ನುಣುಪು, ಮಚ್ಚು ಜಾರಿತು. ಅವನು ಬೈದುಕೊಂಡು, ಜಡೆಯ ಕಟ್ಟನ್ನು ಎಡಗೈಗೆ ಸುತ್ತಿ ಹಿಡಿದು, ಮತ್ತೆ ಎತ್ತಿದ. ನನಗೆ ದಿನವೂ ಕನಸಿನಲ್ಲಿ ಕಾಣುವುದು ಆ ಎರಡನೆಯ ಸಲದ ಮಚ್ಚು. ಅದು ಇಳಿಯುವ ಮೊದಲೇ ನಾನು ಎಚ್ಚರಗೊಳ್ಳುತ್ತೇನೆ. ಹಗಲಿನಲ್ಲೂ ಹಾಗೆಯೇ. ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಅದು ಎತ್ತಿದಲ್ಲೇ ನಿಂತಿರುತ್ತದೆ.

ಜಡೆ ತುಂಡಾಯಿತು. ಚೈತ್ರ ಉಳಿದಳು. ಬಲಗಿವಿಯ ಮೇಲೆ ಅಂಗೈಯಷ್ಟು ಜಾಗದಲ್ಲಿ ಕೂದಲು ಚರ್ಮದ ಸಮೇತ ಹೋಗಿತ್ತು. ಆಸ್ಪತ್ರೆಯಲ್ಲಿ ಹೊಲಿದರು. ನಿಶ್ಚಿತಾರ್ಥ ಮುಂದಕ್ಕೆ ಹೋಯಿತು. ಗಂಡಿನ ಕಡೆಯವರು ಒಳ್ಳೆಯವರು, ಮೊದಲು ಹುಡುಗಿ ಗುಣವಾಗಲಿ ಎಂದರಂತೆ.

ಕೆಲವು ದಿನಗಳ ಮೇಲೆ ಅವಳ ತಂದೆ ಪಾರ್ಲರಿಗೆ ಬಂದರು. ಕೈಯಲ್ಲಿ ಒಂದು ಕವರು. ಅದರಲ್ಲಿ ಚಕ್ರದಿಂದ ಬಿಡಿಸಿದ ಎಡಗಡೆಯ ಜಡೆಗಳು. ಅವನ್ನು ಶೈಲಾಳ ಮುಂದಿನ ಮೇಜಿನ ಮೇಲೆ ಸುರಿದರು.

"ನೋಡಮ್ಮ, ನೀನು ಕಟ್ಟಿರೋದು. ಒಂದೂ ನಿಂತಿಲ್ಲ, ಎಲ್ಲ ಕಳಚ್ಕೊಂಡಿದೆ. ಕಳಚ್ಕೊಂಡಿದ್ದಕ್ಕೇ ತಾನೇ ಚಕ್ರಕ್ಕೆ ಹೋಗಿದ್ದು? ಕೆಲಸ ಬರದಿದ್ರೆ ಯಾಕೆ ಮಾಡ್ತೀಯ?"

ಮೇಡಂ ಎದ್ದು ನಿಂತರು.

"ರಾಮಣ್ಣ, ಕಳಚಿದ್ದು ಅವಳು ಹಾಕಿದ್ದು. ಕಳಚದೇ ಇದ್ದದ್ದು ನಾನು ಬಿಗಿದಿದ್ದು. ನಿಮ್ಮ ಮಗಳನ್ನ ಕೆಳಗೆ ಎಳೆದಿದ್ದು ನನ್ನ ದಾರ."

ಅಷ್ಟು ವರ್ಷಗಳಲ್ಲಿ ಮೇಡಂ ತಮ್ಮ ಕೆಲಸದಲ್ಲಿ ಕೊರತೆಯಿತ್ತೆಂದು ಬೇರೆಯವರ ಮುಂದೆ ಒಪ್ಪಿಕೊಂಡದ್ದು ನಾನು ಕೇಳಿರಲಿಲ್ಲ. ಆದರೆ ರಾಮಣ್ಣ ನಂಬಲಿಲ್ಲ. ಅವರ ತಂಗಿಯ ಮದುವೆಗೆ ಜಡೆ ಹಾಕಿದ ಕೈ ಅದು.

"ನೀವು ಒಳ್ಳೆಯೋರು ಮೇಡಂ. ಕೆಲಸದ ಹುಡುಗೀನ ಉಳಿಸ್ಕೊಳ್ಳೋಕೆ ಮೇಲೆ ಹಾಕ್ಕೋತಿದೀರ. ನಿಮ್ಮ ಜಡೆ ಗಟ್ಟಿ ಇದ್ದಿದ್ದಕ್ಕೇ ಆ ಕಡೆ ನಿಂತಿದ್ದು, ನನಗೆ ಗೊತ್ತಾಗಲ್ವಾ?"

ಮೇಡಂ ಇನ್ನೊಮ್ಮೆ ಹೇಳಿದರು. ನಾನೂ ವಿವರಿಸಿದೆ. ಎಳೆದರೆ ಜಾರಬೇಕಾದದ್ದು ಏಕೆ ಎಂದು ನನಗೆ ತಿಳಿದಷ್ಟನ್ನೂ ಹೇಳಿದೆ. ಅವರು ತಲೆ ಅಲ್ಲಾಡಿಸಿ, ಶೈಲಾಳನ್ನು ಇನ್ನೊಮ್ಮೆ ನೋಡಿ, ಹೊರಟುಹೋದರು. ಮಾತು ಬಡಾವಣೆಯಲ್ಲಿ ಅವರು ಹೇಳಿದ ಹಾಗೆಯೇ ಹರಡಿತು. ಗದಗಿನ ಹುಡುಗಿಯ ಸಡಿಲ ಕೈಯಿಂದ ಆದ ಅನಾಹುತ ಎಂದು. ಬಂದ ಗಿರಾಕಿಗಳು, "ಮೇಡಂ ಹಾಕಿದ್ರೆ ಮಾತ್ರ ಕೂರ್ತೀವಿ" ಎನ್ನತೊಡಗಿದರು. ಮೇಡಂ ಆ ದಿನದಿಂದ ಯಾರ ತಲೆಯನ್ನೂ ಮುಟ್ಟಲಿಲ್ಲ. ನಾನು ಮುಟ್ಟಿದರೆ ಆ ಮಚ್ಚು ಕಣ್ಣ ಮುಂದೆ ಬರುತ್ತಿತ್ತು, ಕೊನೆಗೆ ನಾನು ಕೆಲಸ ಬಿಟ್ಟದ್ದೂ ಅದಕ್ಕೇ. ಶೈಲಾ ಗುಡಿಸುವುದು, ಮೆಹಂದಿ ಕಲಸುವುದು ಮಾಡಿಕೊಂಡಿದ್ದಳು. ಈ ಊರಿನಲ್ಲಿ ಅಷ್ಟು ಹದವಾಗಿ ಜಡೆ ಹೆಣೆಯುವ ಕೈ ಇನ್ನೊಂದನ್ನು ನಾನು ಕಂಡಿಲ್ಲ. ಅದು ಕಸಬರಿಕೆ ಹಿಡಿದದ್ದನ್ನು ನೋಡಿಕೊಂಡು ನಾವಿಬ್ಬರೂ ಕೂತಿದ್ದೆವು.

ಈಗ ಈ ಕೆಲಸಕ್ಕೆ ಬರುವವರಿಗೆ ನನ್ನ ಮಾತು ಇಷ್ಟೇ. ಉದ್ದ ಎಷ್ಟು ಬೇಕು ಎಂದು ಕೇಳುವ ಮೊದಲು, ಮನೆಗೆ ಹೇಗೆ ಹೋಗುತ್ತೀರಿ ಎಂದು ಕೇಳಿ. ಗಾಡಿಯಲ್ಲಿ ಎಂದರೆ ಜಡೆಯನ್ನು ಸುತ್ತಿ ಕಟ್ಟಿ, ಮೇಲೆ ಬಟ್ಟೆ ಬಿಗಿದು ಕಳಿಸಿ. ಹೋಗಿ ಬಿಚ್ಚಿಕೊಳ್ಳಲಿ. ಹೊಸ ಕೆಲಸದ ಮೇಲೆ ಹಳೇ ಕೆಲಸದ ಕಟ್ಟು ಹಾಕಬೇಡಿ. ಎರಡೂ ಒಳ್ಳೆಯವೇ ಇರಬಹುದು, ಒಂದರ ಮೇಲೊಂದು ಹಾಕಿದಾಗ ಏನಾಗುತ್ತದೆಂದು ಎರಡನ್ನೂ ಬಲ್ಲವರಿಗೂ ತಿಳಿಯುವುದಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಚೈತ್ರ ಬಂದಳು. ತಲೆಗೆ ತೆಳುವಾದ ದುಪಟ್ಟಾ ಸುತ್ತಿಕೊಂಡಿದ್ದಳು. ಅವಳು ಗೇಟು ತೆರೆದದ್ದನ್ನು ಕಂಡ ಮೇಡಂ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚೈತ್ರ ನೇರವಾಗಿ ಶೈಲಾಳ ಹತ್ತಿರ ಬಂದು ದುಪಟ್ಟಾ ತೆಗೆದಳು. ಕಿವಿಯ ಮೇಲಿನ ಜಾಗ ನುಣ್ಣಗೆ, ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಇಲ್ಲಿ ಬರಲ್ವಂತೆ ಅಕ್ಕ. ಡಾಕ್ಟ್ರು ಹೇಳಿದ್ರು. ಸುತ್ತ ಇರೋದ್ರಲ್ಲಿ ಹೆಣೆದು ಮುಚ್ಚೋಕಾಗುತ್ತಾ?"

ಶೈಲಾ ಕೈ ಒರೆಸಿಕೊಂಡು, ಬೆರಳ ತುದಿಯಿಂದ ಆ ಜಾಗದ ಅಂಚನ್ನು ಮುಟ್ಟಿ ನೋಡಿದಳು. "ನೋಯ್ತೈತೇನ್ರಿ?"

"ಇಲ್ಲ."

"ಗಿಡ್ಡ ಹಾಕ್ತೀನ್ರಿ. ಹೆಗಲಿನ ಮಟ. ಮ್ಯಾಲಿಂದ ಇಳಿಬಿಟ್ರ ಕಾಣೂದಿಲ್ಲ."

"ನಿಮ್ಮಪ್ಪಂಗೆ ಗೊತ್ತಾ?" ಎಂದು ನಾನು ಕೇಳಿದೆ.

"ಗೊತ್ತಾದ್ರೆ ಗೊತ್ತಾಗ್ಲಿ ಆಂಟಿ. ಎಳೆದಿದ್ದು ಯಾವ ಕಡೆ ಅಂತ ನನ್ನ ತಲೆಗೆ ಗೊತ್ತಿಲ್ವಾ?" ಎಂದಳು. ಕೋಪವಿರಲಿಲ್ಲ. ಒಳಬಾಗಿಲ ಕಡೆ ನೋಡಿ ಸ್ವಲ್ಪ ಗಟ್ಟಿಯಾಗಿಯೇ ಕೇಳಿದಳು. "ಮೇಡಂ ಊಟ ಮಾಡಿದ್ರಾ?"

ಶೈಲಾ ಬಾಚಣಿಗೆ ತೆಗೆದುಕೊಂಡು ಬೈತಲೆ ತೆಗೆಯತೊಡಗಿದಳು.

ಸಂಜೆಯ ಹೊತ್ತಿಗೆ ಆ ಜಾಗ ಮುಚ್ಚಿತು. ಆಟೋ ಕರೆಸಿ ಕಳಿಸಿದೆವು. ಆಮೇಲೆ ಮೇಡಂ ಹೊರಬಂದು, "ಬಂದಿದ್ಯಾ ಕೂದಲು?" ಎಂದು ಕೇಳಿದರು.

"ಬರಲ್ವಂತೆ ಮೇಡಂ" ಎಂದೆ.

ಮರುದಿನ ಅವರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಕಲಿಯುವವರು ಅಭ್ಯಾಸ ಮಾಡುವ ಒಂದು ಬೊಂಬೆತಲೆಯನ್ನು ಎಲ್ಲಿಂದಲೋ ತಂದು ಮೇಜಿನ ಅಂಚಿಗೆ ಇಟ್ಟು, ಎದುರು ಕೂತಿದ್ದರು. ಶೈಲಾ ಒಳಗೆ ಬಂದಾಗ, "ಬಾರೇ, ಎಷ್ಟು ಸಡಿಲ ಇರಬೇಕು ಅಂತ ತೋರಿಸಿಕೊಡು" ಎಂದರು. ಶೈಲಾ ನನ್ನ ಕಡೆ ನೋಡಿದಳು. ಆಮೇಲೆ ಅವರ ಪಕ್ಕ ಕೂತು, ಅವರ ಬೆರಳುಗಳ ಮೇಲೆ ತನ್ನ ಬೆರಳಿಟ್ಟು, ನಾರು ಎಲ್ಲಿ ಸೇರಬೇಕು, ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ತೋರಿಸಿದಳು. ಮೇಡಂ ಕನ್ನಡಕ ಸರಿಮಾಡಿಕೊಂಡು, ತುಟಿ ಬಿಗಿದು, ಶಾಲೆಯ ಹುಡುಗಿಯ ಹಾಗೆ ಹೆಣೆದರು. ಒಂದು ಜಡೆಗೆ ಬೆಳಗ್ಗೆಯೆಲ್ಲ ಹಿಡಿಯಿತು. ನೋಡಲು ಶೈಲಾಳದಕ್ಕಿಂತ ಅಚ್ಚುಕಟ್ಟಾಗಿತ್ತು.

"ಎಳಿ" ಎಂದರು.

ಶೈಲಾ ಮೆಲ್ಲಗೆ ಎಳೆದಳು.

"ಹಾಗಲ್ಲ. ಚಕ್ರ ಎಳೆಯೋ ಹಾಗೆ ಎಳಿ."

ಶೈಲಾ ಜೋರಾಗಿ ಎಳೆದಳು. ನಾರು ಒಂದೆಳೆಯೂ ಜಾರಲಿಲ್ಲ. ಬೊಂಬೆಯ ತಲೆಯೇ ಮೇಜಿನಿಂದ ಎದ್ದು ಅವಳ ಕೈಯಲ್ಲಿ ನೇತಾಡಿತು. ಮೇಡಂ ಅದನ್ನು ಇಸಿದುಕೊಂಡು, ಮತ್ತೆ ಮೇಜಿನ ಮೇಲಿಟ್ಟು, ಜಡೆ ಬಿಚ್ಚತೊಡಗಿದರು.